ಅಕ್ಕಿಯ ಮುಡಿಯೂ ಬೆಳ್ಳಿಯ ರೂಪಾಯಿಯೂ

ನಾಣ್ಯಗಳ ಮಾತೆತ್ತಿದೊಡನೆ ನಮ್ಮ ಮನಸ್ಸು ಸಾಮಾನ್ಯವಾಗಿ ಅವುಗಳ ಮೇಲಿರುವ ರಾಜಲಾಂಛನಗಳ ಕಡೆಗೂ ಬಿರುದಾವಳಿಗಳ ಕಡೆಗೂ ಹರಿಯುವುದುಂಟು. ಈ ಭಾಷಣದಲ್ಲಿ ನಾವು ಮುದ್ರೆಯನ್ನು ಬದಿಗಿಟ್ಟು, ಮುದ್ರೆಯನ್ನು ಹೊತ್ತಿರುವ ಲೋಹವನ್ನು ಕುರಿತು ವಿಚಾರಮಾಡೋಣ. ಅರಸನು ಯಾವ ಲೋಹದಲ್ಲಿ ಕಂದಾಯವನ್ನು ಕೇಳುತ್ತಾನೆಂಬುದು ಟಂಕಸಾಲೆಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ. ಅದು ರೈತನ ಕಣಜವನ್ನೂ ಮುಟ್ಟತಕ್ಕದ್ದು. ತುಳುನಾಡಿನ ಒಳಸೀಮೆಯಾದ ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆಗಳ ಚರಿತ್ರೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ನಮ್ಮ ನುಡಿಯಲ್ಲಿಯೇ ಲೋಹದ ನೆನಪು ಉಳಿದಿದೆ. ಹೊನ್ನು ಎಂದರೆ ಚಿನ್ನವೂ ಹೌದು, ಚಿನ್ನದ ನಾಣ್ಯವೂ ಹೌದು. ಇಂದು ನಾವು ಸಂಪತ್ತಿಗೆಲ್ಲ ಹೇಳುವ ‘ಹಣ’ವು ಹಿಂದೆ ಒಂದು ಪುಟ್ಟ ಚಿನ್ನದ ನಾಣ್ಯದ ಹೆಸರಾಗಿದ್ದಿತು. ರೂಪಾಯಿಯು ಬೆಳ್ಳಿಯನ್ನು ಸೂಚಿಸುವ ‘ರೂಪ್ಯ’ ಶಬ್ದದಿಂದ ಬಂದದ್ದು. ದುಡ್ಡು, ಕಾಸುಗಳು ತಾಮ್ರದವು. ಚಿನ್ನವು ತುಕ್ಕು ಹಿಡಿಯದು, ಒರೆಗಲ್ಲಿನ ಮೇಲೆ ತನ್ನ ಗುಣವನ್ನು ತೋರಿಸಿಬಿಡುತ್ತದೆ. ಆದುದರಿಂದ ಕಂದಾಯಕ್ಕೂ ದತ್ತಿಗೂ ಅದೇ ಯೋಗ್ಯವೆನಿಸಿತು. ಬೆಳ್ಳಿಯು ಮೆದುವಾದ್ದರಿಂದ ಅದಕ್ಕೆ ಸ್ವಲ್ಪ ತಾಮ್ರವನ್ನು ಬೆರೆಸಿ ಗಟ್ಟಿಮಾಡಬೇಕು. ತಾಮ್ರವು ಅಗ್ಗವಾದುದರಿಂದ ಸಂತೆಯ ಸಣ್ಣ ವ್ಯಾಪಾರಕ್ಕೆ ಒದಗಿತು.

ಆದರೆ ನಾವು ಹೇಳುತ್ತಿರುವ ಸೀಮೆಯಲ್ಲಿ ಚಿನ್ನದ ಗಣಿಯೂ ಇಲ್ಲ, ಬೆಳ್ಳಿಯ ಗಣಿಯೂ ಇಲ್ಲ. ಇಲ್ಲಿ ಬೆಳೆಯುವುದು ಬತ್ತ, ಮೆಣಸು, ಅಡಕೆ. ಇವು ಘಟ್ಟದ ಮೇಲಕ್ಕೂ ಕಡಲಿನಾಚೆಗೂ ಹೋದಾಗ ಲೋಹವು ಒಳಕ್ಕೆ ಬರುತ್ತಿತ್ತು. ಆಳುಪ ಅರಸರು ಜೋಡಿ ಮೀನಿನ ಲಾಂಛನವುಳ್ಳ ಚಿನ್ನದ ನಾಣ್ಯಗಳನ್ನು ಹೊರಡಿಸಿದರು. ವಿಜಯನಗರದ ಕಾಲದ ಶಾಸನಗಳಲ್ಲಿ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣಗಳ ಉಲ್ಲೇಖವಿದೆ. ಆಗಿನ ವರಹವು ಸುಮಾರು ೫೨ ಗ್ರೇನ್ ತೂಕದ ಚಿನ್ನ. ೧೪೩೦ರಲ್ಲಿ ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯೂ, ೧೬೦೪ರಲ್ಲಿ ವೇಣೂರಿನ ಬಾಹುಬಲಿ ಮೂರ್ತಿಯೂ ನಿಲ್ಲಬೇಕಾದರೆ, ಈ ನಾಡಿನ ಬೆಳೆ ಮತ್ತು ವ್ಯಾಪಾರಗಳಿಂದ ಎಷ್ಟು ಸಂಪತ್ತು ಕೂಡಿಬಂದಿರಬೇಕೆಂಬುದನ್ನು ಊಹಿಸಬಹುದು.

ಚಿನ್ನದ ಜೊತೆಯಲ್ಲಿಯೇ ಇನ್ನೊಂದು ಮಾನವೂ ಇಲ್ಲಿ ನಡೆಯುತ್ತಿತ್ತು. ಅದೇ ಬೈಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ. ತುಳುನಾಡಿನ ಶಾಸನಗಳು ದೇವಾಲಯ ಬಸದಿಗಳಿಗೆ ಬಿಟ್ಟ ದತ್ತಿಯನ್ನು ಗದ್ಯಾಣಗಳಲ್ಲಿ ಹೇಳುವಂತೆ ಮುಡಿಗಳಲ್ಲಿಯೂ ಹೇಳುತ್ತವೆ. ಒಕ್ಕಲು ತನ್ನ ಧಣಿಗೆ ಗೇಣಿಯನ್ನು ಅಳೆಯುತ್ತಿದ್ದುದು ಮುಡಿಯಲ್ಲಿಯೇ. ೧೯೭೪ರ ಭೂಸುಧಾರಣೆಯವರೆಗೂ ಈ ಪದ್ಧತಿಯು ಬಾಳಿತು. ಹೀಗೆ ಒಂದೇ ಗದ್ದೆಯು ಎರಡು ಲೆಕ್ಕಗಳಿಗೆ ಒಳಪಟ್ಟಿತ್ತು: ಧಣಿಗೆ ಧಾನ್ಯ, ಸರ್ಕಾರಕ್ಕೆ ಲೋಹ.

ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದ ನಡುವಿನಲ್ಲಿ ಏರ್ಪಡಿಸಿದ ‘ಶಿಸ್ತು’ ಸುಪ್ರಸಿದ್ಧವಾದುದು. ೧೭೬೩ರಲ್ಲಿ ಬಿದನೂರು ಹೈದರಲಿಯ ಕೈಸೇರಿದ ಮೇಲೆ ಕಂದಾಯವು ಏರಿತು. ಟಿಪ್ಪುವು ೧೭೯೪ರಲ್ಲಿ ಬೆಳ್ತಂಗಡಿಯ ಹತ್ತಿರದ ಹೆಬ್ಬಂಡೆಯ ಮೇಲೆ ಜಮಾಲಾಬಾದಿನ ಕೋಟೆಯನ್ನು ಕಟ್ಟಿಸಿದನು. ಬೆಳ್ಳಿಯ ರೂಪಾಯಿಯೂ ಆನೆಯ ಮುದ್ರೆಯ ತಾಮ್ರದ ನಾಣ್ಯಗಳೂ ಆತನ ಟಂಕಸಾಲೆಗಳಿಂದ ಹೊರಬಿದ್ದವು. ಆದರೂ ೧೭೯೯ರಲ್ಲಿ ಈ ಸೀಮೆಯು ಕಂಪನಿ ಸರ್ಕಾರಕ್ಕೆ ಸೇರಿದಾಗ ಕಂದಾಯದ ಲೆಕ್ಕ ಇನ್ನೂ ವರಹಗಳಲ್ಲಿಯೇ ಇದ್ದಿತು. ೧೮೧೮ರಲ್ಲಿ ಮದರಾಸು ಆಧಿಪತ್ಯದಲ್ಲಿ ಚಿನ್ನದ ವರಹವನ್ನು ಬಿಟ್ಟು ಬೆಳ್ಳಿಯ ರೂಪಾಯಿಯನ್ನು ಮೂಲಮಾನವಾಗಿ ಸ್ವೀಕರಿಸಲಾಯಿತು. ಮೂರೂವರೆ ರೂಪಾಯಿಗೆ ಒಂದು ವರಹವೆಂದು ಗೊತ್ತಾಯಿತು. ೧೮೩೫ರ ಕಾನೂನು ಕಂಪನಿಯ ಆಳ್ವಿಕೆಯ ನಾಡಿಗೆಲ್ಲ ಒಂದೇ ರೂಪಾಯಿಯನ್ನು ವಿಧಿಸಿತು: ತೂಕ ೧೮೦ ಗ್ರೇನ್, ಎಂದರೆ ಒಂದು ತೊಲ, ಅದರಲ್ಲಿ ೧೬೫ ಗ್ರೇನ್ ಶುದ್ಧ ಬೆಳ್ಳಿ.

ಲೋಹದ ದೃಷ್ಟಿಯಿಂದ ಇದು ನಿರ್ದುಷ್ಟವಾದ ನಾಣ್ಯ. ತೊಡಕಿದ್ದುದು ಬೇರೆಡೆಯಲ್ಲಿ. ನಾಣ್ಯದೊಳಗಿನ ಬೆಳ್ಳಿಯು ಸ್ಥಿರ, ಕಂದಾಯದ ಮೊತ್ತವು ಸ್ಥಿರ. ಅಕ್ಕಿಯ ಧಾರಣೆ ಮಾತ್ರ ಸ್ಥಿರವಲ್ಲ. ಧಾರಣೆಯು ಇಳಿದ ವರ್ಷ ಅದೇ ರೂಪಾಯಿಯನ್ನು ದೊರಕಿಸಲು ರೈತನು ಹೆಚ್ಚು ಮುಡಿಗಳನ್ನು ಮಾರಬೇಕು. ಕಂತಿನ ದಿನವು ಹತ್ತಿರವಾದಂತೆ ವರ್ತಕನು ಹೇಳಿದ ಬೆಲೆಗೇ ಮಾರಬೇಕು, ಇಲ್ಲವೆ ಸಾಲಕ್ಕೆ ಕೈಯೊಡ್ಡಬೇಕು. ೧೮೩೦–೩೧ರಲ್ಲಿ ಕನ್ನಡ ಜಿಲ್ಲೆಯ ರೈತರು ಅಲ್ಲಲ್ಲಿ ಕೂಟಗಳನ್ನು ಸೇರಿಸಿ ಕಂದಾಯ ಸಲ್ಲಿಸಲು ನಿರಾಕರಿಸಿದುದಕ್ಕೆ ಇಂತಹ ಸಂಕಟವೇ ಹಿನ್ನೆಲೆಯಾಗಿದ್ದಿತು.

ಇದಕ್ಕಿಂತ ಘೋರವಾದ ಪರಿಣಾಮವು ತೆಂಕಣ ಮಗ್ಗುಲಿನಲ್ಲಿ ಕಾಣಿಸಿಕೊಂಡಿತು. ಅಮರಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದಷ್ಟು ಕಾಲ ರೈತರು ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. ೧೮೩೪ರಲ್ಲಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡು ಈ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಾಗಿಯೇ ಕೇಳತೊಡಗಿತು. ತಮ್ಮ ಅರಸನ ಪದಚ್ಯುತಿಯ ದುಃಖದೊಡನೆ ಈ ಕಷ್ಟವೂ ಕೂಡಿಕೊಂಡು, ೧೮೩೭ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನರು ಎದ್ದರು. ಅವರು ಮೊದಲು ಕೈಯಿಟ್ಟುದು ಬೆಳ್ಳಾರೆಯ ಖಜಾನೆಗೆ. ಬಂಟ್ವಾಳದ ಬಳಿಯ ನಂದಾವರದ ಲಕ್ಷ್ಮಪ್ಪ ಬಂಗರಸನು ಅವರನ್ನು ಕೂಡಿಕೊಂಡನು. ಆತನ ವಂಶದ ಮೂಲಸ್ಥಾನವು ಬೆಳ್ತಂಗಡಿ ಸೀಮೆಯ ಬಂಗವಾಡಿ. ಏಪ್ರಿಲ್ ತಿಂಗಳಲ್ಲಿ ಮಂಗಳೂರು ಸುಮಾರು ಎರಡು ವಾರ ದಂಗೆಯವರ ವಶದಲ್ಲಿದ್ದಿತು. ಅನಂತರ ಕಂಪನಿಯ ದಂಡು ಬಂದು ದಂಗೆಯನ್ನು ಅಡಗಿಸಿತು. ಬಂಗರಸನನ್ನು ಮಂಗಳೂರಿನ ಬಿಕರ್ಣಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಹಾಗೆ ಜನರ ಬಾಳನ್ನು ಕದಡಿದ ಆ ಬೆಳ್ಳಿಯೂ ನಾಣ್ಯದಲ್ಲಿ ಶಾಶ್ವತವಾಗಿ ನಿಲ್ಲಲಿಲ್ಲ. ಲೋಕದಲ್ಲಿ ಬೆಳ್ಳಿಯ ಬೆಲೆ ಕುಸಿದುದರಿಂದ ೧೮೯೩ರಲ್ಲಿ ಸಾರ್ವಜನಿಕರು ಬೆಳ್ಳಿಯನ್ನು ತಂದು ರೂಪಾಯಿ ಹೊಡೆಸಿಕೊಳ್ಳುವ ಅವಕಾಶವು ನಿಂತಿತು. ೧೯೪೦ರಲ್ಲಿ, ಯುದ್ಧಕಾಲದಲ್ಲಿ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ೧೯೪೭ರ ರೂಪಾಯಿ ಬರಿಯ ನಿಕ್ಕಲಿನದು. ಈಗ ನಮ್ಮ ಜೇಬಿನಲ್ಲಿರುವ ರೂಪಾಯಿ ತುಕ್ಕುಹಿಡಿಯದ ಉಕ್ಕು. ಅದನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಸರ್ಕಾರದ ಮಾತಿನ ಮೇಲಣ ನಂಬಿಕೆಯೇ ಅದರ ಬೆಲೆ.

ಆದರೆ ಸರ್ಕಾರವು ಗೊತ್ತುಪಡಿಸಿದ ನಾಣ್ಯಕ್ಕೂ ರೈತನು ಬೆಳೆದ ಪದಾರ್ಥಕ್ಕೂ ನಡುವೆ ಇರುವ ದೂರವನ್ನು ಯಾರು ತುಂಬಿಕೊಡಬೇಕು? ಆ ಕಾಲದಲ್ಲಿ ಅದನ್ನು ತುಂಬಿಕೊಟ್ಟವನು ಮುಡಿಯನ್ನು ಹೊತ್ತು ಪೇಟೆಗೆ ನಡೆದ ಒಕ್ಕಲಿಗನೇ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ೧೮೩೫ರ ರೂಪಾಯಿಯನ್ನು ಕಂಡಾಗ, ಅದರಲ್ಲಿರುವ ೧೬೫ ಗ್ರೇನ್ ಬೆಳ್ಳಿಯೊಡನೆ, ಅದಕ್ಕಾಗಿ ಮಾರಿಹೋದ ಅಕ್ಕಿಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವಾದುದು.