ಹಡಗಿನಲ್ಲಿ ಬಾರದ ನುಡಿಗಟ್ಟು

ಸಮಾರಂಭದ ನಡುವೆ ಯಾರಿಗೂ ಹೇಳದೆ ಎದ್ದು ಹೋದವನನ್ನು ಕುರಿತು ಇಂಗ್ಲಿಷರು ‘ಫ್ರೆಂಚರ ರೀತಿಯಲ್ಲಿ ಅಪ್ಪಣೆ ಪಡೆದ’ ಎನ್ನುತ್ತಾರೆ. ಅದೇ ಮನುಷ್ಯನನ್ನು ಕುರಿತು ಫ್ರೆಂಚರ ಮಾತು ‘ಇಂಗ್ಲಿಷರ ಹಾಗೆ ಜಾರಿಕೊಂಡ’ ಎಂದು. ಕನ್ನಡಿಗರು ಯಾವ ನೆರೆಯವರನ್ನೂ ದೂರದೆ ‘ಮೆಲ್ಲಗೆ ಜಾಗ ಖಾಲಿ ಮಾಡಿದ’ ಎಂದು ಮುಗಿಸುತ್ತಾರೆ. ಸಂಗತಿ ಒಂದೇ, ಮಾತು ಮೂರು. ಪದಗಳ ಅರ್ಥವನ್ನು ಕೂಡಿಸಿದರೆ ಸಿಗದ, ಆ ಭಾಷೆಯವರ ಬಾಳಿನಿಂದಲೇ ತಿಳಿಯಬೇಕಾದ ಇಂಥ ಮಾತನ್ನು ನಾವು ನುಡಿಗಟ್ಟು ಎನ್ನುತ್ತೇವೆ.

ಇಂಗ್ಲಿಷ್ ನುಡಿಗಟ್ಟನ್ನು ಕಲಿಯಹೊರಟ ಫ್ರೆಂಚ್ ಭಾಷಿಕನಿಗೆ ಅರ್ಧ ದಾರಿ ಸುಲಭ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಶತಮಾನಗಳ ಕಾಲ ಫ್ರೆಂಚ್ ಅಲ್ಲಿನ ಅರಮನೆಯ ಭಾಷೆಯಾಗಿತ್ತು. ಬೈಬಲ್ಲು, ಲ್ಯಾಟಿನ್ನು ಇಬ್ಬರಿಗೂ ಸಮಾನ ಆಸ್ತಿ. ಆದ್ದರಿಂದ ‘ಮೊಸಳೆ ಕಣ್ಣೀರು’ ಎರಡೂ ಕಡೆ ಹರಿಯುತ್ತದೆ. ಅಸೂಯೆ ಬಂದವನು ಎರಡೂ ಕಡೆ ಹಸಿರಾಗುತ್ತಾನೆ. ಉಳಿದರ್ಧ ದಾರಿಯಲ್ಲಿ ಮಾತ್ರ ಅವನು ಎಡವುತ್ತಾನೆ. ಜೋರು ಮಳೆಯೆಂದರೆ ಇಂಗ್ಲಿಷಿನಲ್ಲಿ ಬೆಕ್ಕು ನಾಯಿಗಳು ಸುರಿಯಬೇಕು, ಫ್ರೆಂಚಿನಲ್ಲಿ ಹಗ್ಗಗಳು. ಅಪರೂಪಕ್ಕೆ ನಡೆಯುವುದನ್ನು ಇಂಗ್ಲಿಷರು ‘ನೀಲಿ ಚಂದ್ರನಿಗೊಮ್ಮೆ’ ಎಂದರೆ, ಫ್ರೆಂಚರು ‘ತಿಂಗಳ ಮೂವತ್ತಾರನೇ ತಾರೀಕಿಗೆ’ ಎನ್ನುತ್ತಾರೆ.

ನೆರೆಯ ಭಾಷೆಯವನಿಗೇ ಇಷ್ಟು ಕಷ್ಟವಾದರೆ ನಡುವೆ ಸಮುದ್ರವೇ ಇದ್ದವರ ಪಾಡೇನು? ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾಗಳ ಚರಿತ್ರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಈ ಮೂರೂ ಬಂದರುಗಳಿಗೆ ಪರಭಾಷೆ ಹೊಸದಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ವಿಜಯನಗರಕ್ಕೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಗೇರುಸೊಪ್ಪೆಯ ಕಾಳುಮೆಣಸಿನ ಆಸೆಗೆ ಪೋರ್ಚುಗೀಸರು ಬಂದು, 16ನೇ ಶತಮಾನದಲ್ಲಿ ಹೊನ್ನಾವರದಲ್ಲಿ ಕೋಟೆಯನ್ನೂ ಹಿಡಿದು ಕೂತರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ.

ಇವರೆಲ್ಲ ಬಿಟ್ಟುಹೋದದ್ದೇನು? ಪೋರ್ಚುಗೀಸರ ಪಟ್ಟಿಯನ್ನೇ ನೋಡಬಹುದು: ಚಾವಿ, ಬಾಲ್ದಿ, ಸಾಬೂನು, ಪಗಾರ, ಲಿಲಾವು, ಬಟಾಟೆ, ಅನಾನಸು, ಪಾದ್ರಿ, ಇಗರ್ಜಿ. ಇವೆಲ್ಲ ಕೈಗೆ ಸಿಗುವ, ಕೊಡು-ಕೊಳ್ಳುವ, ಕಣ್ಣಿಗೆ ಕಾಣುವ ಸಂಗತಿಗಳ ಹೆಸರು. ಇವುಗಳ ಜೊತೆಗೆ ಪೋರ್ಚುಗೀಸ್ ನುಡಿಗಟ್ಟೊಂದು ನಮ್ಮ ಮಾತಿನಲ್ಲಿ ನೆಲೆಸಿತೆಂದು ಹೇಳುವುದು ಕಷ್ಟ. ಇಲ್ಲಿಂದ ಹೋದದ್ದೂ ಹೀಗೆಯೇ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತಿತು. ಲಿವರ್‌ಪೂಲ್ ಪೇಟೆಯಲ್ಲಿ ‘ಕುಮಟಾ’ ಎಂಬುದು ಹತ್ತಿಯ ಒಂದು ಜಾತಿಯ ಹೆಸರೇ ಆಯಿತು. ಊರಿನ ಹೆಸರು ಹಡಗೇರಿತು. ಊರಿನ ಮಾತು ಏರಲಿಲ್ಲ. ವ್ಯಾಪಾರಕ್ಕೆ ಪದ ಸಾಕು. ನುಡಿಗಟ್ಟಿಗೆ ಒಡನಾಟ ಬೇಕು, ಇಲ್ಲವೇ ಶಾಲೆ ಬೇಕು.

ಒಡನಾಟದಿಂದ ಕಲಿತವರಿಗೆ ಫರ್ಡಿನಾಂಡ್ ಕಿಟೆಲ್ ಉತ್ತಮ ಉದಾಹರಣೆ. ಬಾಸೆಲ್ ಮಿಶನ್ನಿನ ಈ ಪಾದ್ರಿ 1853ರಲ್ಲಿ ಕನ್ನಡ ನಾಡಿಗೆ ಬಂದರು. ಅವರದು ಜರ್ಮನ್ ನಾಡು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟು ಕನ್ನಡ–ಇಂಗ್ಲಿಷಿನದು. ಅಂದರೆ ತನ್ನದಲ್ಲದ ಒಂದು ಭಾಷೆಯ ಮಾತನ್ನು ತನ್ನದಲ್ಲದ ಇನ್ನೊಂದು ಭಾಷೆಯಲ್ಲಿ ವಿವರಿಸುವ ಕೆಲಸ. ಸುಮಾರು 70,000 ಪದಗಳ ಆ ಗ್ರಂಥದಲ್ಲಿ ಅವರು ಬರಿಯ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಪದಗಳ ಕೆಳಗೆ ಜನರಾಡುವ ಗಾದೆಗಳನ್ನೂ ಬಳಕೆಗಳನ್ನೂ ಪೋಣಿಸಿದರು. ಪದ ಬದುಕುವುದು ಅದರ ನೆಂಟರ ನಡುವೆ ಎಂಬುದು ಅವರಿಗೆ ತಿಳಿದಿತ್ತು.

ಇನ್ನು ಶಾಲೆಯ ದಾರಿ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕುಮಟೆಯ ಗಿಬ್ ಹೈಸ್ಕೂಲಿನಂಥ ಸಂಸ್ಥೆಗಳು ಹುಟ್ಟಿದವು. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ದೇಶದ ತುಂಬ ಇಂಗ್ಲಿಷ್ ಕಲಿಯುವ ಹುಡುಗರ ಕೈಗೆ ಬಂದ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣದ ಪಿ. ಸಿ. ರೆನ್ ಇದೇ ಮುಂಬೈ ಪ್ರಾಂತ್ಯದ ವಿದ್ಯಾ ಇಲಾಖೆಯಲ್ಲಿ ಕೆಲಸ ಮಾಡಿದವರು. ಫ್ರೆಂಚರ ವಿದೇಶಿ ಸೇನೆಯ ಕಥೆಯುಳ್ಳ, 1924ರ ಅವರ ಪ್ರಸಿದ್ಧ ಕಾದಂಬರಿಯ ಹೆಸರು ‘ಬೋ ಜೆಸ್ಟ್’. ಅದು ಇಂಗ್ಲಿಷು ಹಾಗೆಯೇ ಎತ್ತಿಕೊಂಡ ಒಂದು ಫ್ರೆಂಚ್ ನುಡಿಗಟ್ಟು. ಉದಾರ ನಡೆ ಎಂದರ್ಥ. ಇಂಗ್ಲಿಷು ಸ್ವತಃ ಸಾಲಗಾರ ಭಾಷೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಶಾಲೆಯಲ್ಲಿ ಬಾಯಿಪಾಠವಾದದ್ದು ಪತ್ರಿಕೆಗಳ ಮೂಲಕ ಕನ್ನಡಕ್ಕೂ ಇಳಿಯಿತು. ‘ಬೆಳಕು ಚೆಲ್ಲು’, ‘ಶೀತಲ ಸಮರ’, ‘ಬಿಳಿಯಾನೆ’, ‘ಹಸಿರು ನಿಶಾನೆ’ ಇವೆಲ್ಲ ಇಂಗ್ಲಿಷಿನ ಕೂಸುಗಳು. 1990ರ ದಶಕದಲ್ಲಿ ಕೊಂಕಣ ರೈಲು ಬರುವವರೆಗೆ ಈ ಮೂರು ಊರುಗಳಲ್ಲಿ ರೈಲು ನಿಲ್ದಾಣವೇ ಇರಲಿಲ್ಲ. ಆದರೂ ಯೋಜನೆಗಳಿಗೆ ಸರಕಾರ ತೋರಿಸುವ ‘ಹಸಿರು ನಿಶಾನೆ’ ಇಲ್ಲಿನ ಪತ್ರಿಕಾ ಓದುಗರಿಗೆ ಚೆನ್ನಾಗಿ ಗೊತ್ತಿತ್ತು. ರೈಲಿಗಿಂತ ಮೊದಲೇ ಅದರ ನುಡಿಗಟ್ಟು ಬಂದಿತ್ತು!

ಹೀಗೆ ಬಂದುದರಿಂದ ಕನ್ನಡ ಕೆಟ್ಟಿತೆನ್ನಬೇಕಿಲ್ಲ. ಚಿಂತೆ ಇರುವುದು ಬೇರೆ ಕಡೆ. ಈ ಊರುಗಳ ಮಗು ಮನೆಯಲ್ಲಿ ಆಡುವುದು ಕೊಂಕಣಿ, ಹವಿಗನ್ನಡ, ಹಾಲಕ್ಕಿಯವರ ಕನ್ನಡ, ಇಲ್ಲವೇ ಅರಬ್ಬಿ–ಫಾರಸಿ ಪದಗಳು ಬೆರೆತ, ಕೊಂಕಣಿಯ ಬಳಗಕ್ಕೆ ಸೇರಿದ ಭಟ್ಕಳದ ನವಾಯತಿ. ಇವುಗಳ ನುಡಿಗಟ್ಟುಗಳಿಗೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯ ಅಂಕವೂ ಇಲ್ಲ. ಅಡುಗೆಮನೆ, ಗದ್ದೆಯ ಅಂಚು, ದೋಣಿಕಟ್ಟೆಗಳೇ ಅವುಗಳ ಶಾಲೆ. ಅಜ್ಜಿಯ ಜೊತೆ ಮಾತು ಕಡಿಮೆಯಾದ ದಿನ ಆ ಶಾಲೆ ಮುಚ್ಚುತ್ತದೆ. ಪದ ಮರೆತರೆ ನಿಘಂಟಿನಲ್ಲಿ ಹುಡುಕಬಹುದು. ಯಾವ ಕಿಟೆಲ್ಲನ ಕಿವಿಗೂ ಬೀಳದ ನುಡಿಗಟ್ಟನ್ನು ಎಲ್ಲಿ ಹುಡುಕುವುದು?

ವ್ಯರ್ಥ ಪ್ರಯತ್ನವನ್ನು ಫ್ರೆಂಚರು ‘ನೀರಿಗೆ ಕತ್ತಿ ಬೀಸಿದ್ದು’ ಎನ್ನುತ್ತಾರೆ; ಕನ್ನಡದಲ್ಲಿ ಅದು ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’. ಒಂದರ ಹಿಂದೆ ಕತ್ತಿ ಹಿಡಿದ ಸರದಾರ, ಇನ್ನೊಂದರ ಹಿಂದೆ ಅಡುಗೆಯ ಚಿಂತೆಯಲ್ಲಿರುವ ಗೃಹಿಣಿ. ಶರಾವತಿ, ಅಘನಾಶಿನಿಗಳ ದಂಡೆಯ ಮಕ್ಕಳು ಬೆಕ್ಕು ನಾಯಿಗಳ ಮಳೆಯನ್ನು ಅಗತ್ಯವಾಗಿ ಕಲಿಯಲಿ. ಅದರ ಜೊತೆಗೆ ತಮ್ಮ ಮನೆಯಲ್ಲಿ ಮಳೆ ಹೇಗೆ ಸುರಿಯುತ್ತದೆಂದು ಹಿರಿಯರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಂಡರೆ, ಮುಂದಿನ ನಿಘಂಟಿಗೆ ಅದೇ ಮೊದಲ ಪುಟವಾದೀತು.