ಅಕ್ಷರಗಳಿಂದ ಪದ ಹುಡುಕುವ ವಿದ್ಯೆ: ಬಸ್ರಾದಿಂದ ಮಂಗಳೂರಿನವರೆಗೆ



'ಟಿ, ಇ, ಎ, ಎಂ' – ಈ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟು, ನಾಲ್ಕನ್ನೂ ಬಳಸಿ ಎಷ್ಟು ಪದ ಮಾಡಬಲ್ಲಿರಿ ಎಂದು ಕೇಳಿದರೆ ನೀವು ಏನು ಹೇಳುವಿರಿ? ಮರ್ಕಂಜದ ಮಕ್ಕಳಿಗೆ ನಾನೊಮ್ಮೆ ಈ ಪ್ರಶ್ನೆ ಕೇಳಿದೆ. ತಕ್ಷಣ ಬಂದ ಉತ್ತರ 'ಟೀಮ್'. ಕ್ರಿಕೆಟ್ ಆಡುವ ಮಕ್ಕಳಲ್ಲವೇ! ಸ್ವಲ್ಪ ಹೊತ್ತಿನ ಬಳಿಕ ಮಾಂಸ ಎಂಬ ಅರ್ಥದ 'ಮೀಟ್' ಬಂತು. ಆಮೇಲೆ ತರಗತಿ ಮೌನ. ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ನಮಗೆ ಇಂಗ್ಲಿಷ್ ಬರುವುದಿಲ್ಲ" ಎಂದ. 'ಕ್ಲಾಸ್‌ಮೇಟ್' ಎಂಬ ಮಾತನ್ನು ದಿನಾ ಆಡುವ ಅವನಿಗೆ 'ಮೇಟ್' ಹೊಳೆಯಲಿಲ್ಲ. ಅವನಿಗೆ ಬಾರದೇ ಇದ್ದದ್ದು ಇಂಗ್ಲಿಷ್ ಅಲ್ಲ, ಹುಡುಕುವ ಕ್ರಮ. ಆ ಕ್ರಮಕ್ಕೆ ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

8ನೇ ಶತಮಾನದಲ್ಲಿ ಇರಾಕಿನ ಬಸ್ರಾ ನಗರದಲ್ಲಿ ಖಲೀಲ್ ಇಬ್ನ್ ಅಹ್ಮದ್ ಎಂಬ ವಿದ್ವಾಂಸರಿದ್ದರು. ಉರ್ದು ಗಜಲ್‌ಗಳ ಛಂದಸ್ಸಿಗೆ ಆಧಾರವಾದ 'ಅರೂಝ್' ಶಾಸ್ತ್ರವನ್ನು ರೂಪಿಸಿದವರೂ ಇವರೇ. ಅರಬಿ ಭಾಷೆಯ ಎಲ್ಲ ಪದಗಳನ್ನೂ ಒಂದೂ ಬಿಡದಂತೆ ಸಂಗ್ರಹಿಸಬೇಕೆಂಬುದು ಅವರ ಹಂಬಲ. ಆದರೆ ಯಾವುದೂ ಬಿಟ್ಟುಹೋಗಿಲ್ಲವೆಂದು ತಿಳಿಯುವುದು ಹೇಗೆ? ಖಲೀಲರು ಇದಕ್ಕೆ ಗಣಿತದ ದಾರಿ ಹಿಡಿದರು. ಮೂರು ಅಕ್ಷರಗಳನ್ನು 6 ರೀತಿಯಲ್ಲಿ ಜೋಡಿಸಬಹುದು, ನಾಲ್ಕನ್ನು 24 ರೀತಿ, ಐದನ್ನು 120 ರೀತಿ. ಪ್ರತಿಯೊಂದು ಜೋಡಣೆಯನ್ನೂ ಪರಿಶೀಲಿಸಿ, ಜನರ ಬಳಕೆಯಲ್ಲಿರುವುದನ್ನು ಬಳಕೆಯಲ್ಲಿಲ್ಲದ್ದರಿಂದ ಬೇರ್ಪಡಿಸುವುದು ಅವರ ವಿಧಾನ. ಅರಬಿಯ 28 ಅಕ್ಷರಗಳಿಂದ, ಅಕ್ಷರ ಮರುಕಳಿಸದಂತೆ, ಎರಡರಿಂದ ಐದು ಅಕ್ಷರಗಳವರೆಗೆ ಒಟ್ಟು 1,23,05,412 ಜೋಡಣೆಗಳಾಗುತ್ತವೆ. ನೀವೇ ಗುಣಿಸಿ ಕೂಡಿ ನೋಡಿ, ಲೆಕ್ಕ ಸರಿಯಿದೆ!

ಈ ವಿಧಾನದಿಂದ ಹುಟ್ಟಿದ ನಿಘಂಟೇ 'ಕಿತಾಬುಲ್ ಐನ್'. ಗಂಟಲಿನ ಆಳದಿಂದ ಹೊರಡುವ 'ಐನ್' ಅಕ್ಷರದಿಂದ ಆರಂಭವಾಗಿ, ತುಟಿಯಲ್ಲಿ ಹುಟ್ಟುವ ಅಕ್ಷರಗಳ ಕಡೆಗೆ ಸಾಗುವ ಕಾರಣ ಅದಕ್ಕೆ ಆ ಹೆಸರು. ಅದನ್ನು ಪೂರ್ಣಗೊಳಿಸಿದವರು ಅವರ ಶಿಷ್ಯ ಲೈಸ್ ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅರಬಿಯ ಮೊದಲ ನಿಘಂಟು ಎಂಬ ಗೌರವ ಈ ಗ್ರಂಥಕ್ಕಿದೆ.

ಇನ್ನು ನಮ್ಮ ನಾಡಿಗೆ ಬರೋಣ. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತು. 'ಬಾಳ್' ಎಂದರೆ ಖಡ್ಗ, 'ಬಾೞ್' ಎಂದರೆ ಬದುಕು. ಕಾಲಕ್ರಮದಲ್ಲಿ ಜನರ ನಾಲಗೆಯಲ್ಲಿ ಈ ಎರಡು ಧ್ವನಿಗಳೂ ಒಂದೇ ಆದವು. ಯಾವ ಪದದಲ್ಲಿ ಯಾವ ಅಕ್ಷರ ಎಂಬ ಗೊಂದಲ ಕವಿಗಳಿಗೂ ಉಂಟಾಯಿತು. ಆಗ, 13ನೇ ಶತಮಾನದಲ್ಲಿ, ವೈಯಾಕರಣಿ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ 'ೞ' ಅಕ್ಷರವಿರುವ ಪದಗಳನ್ನು ಹುಡುಕಿ ಪಟ್ಟಿ ಮಾಡಿಕೊಟ್ಟನು. ಕೊಟ್ಟ ಅಕ್ಷರವಿರುವ ಪದಗಳನ್ನು ಹುಡುಕುವುದು ಅವನಿಗೆ ಆಟವಾಗಿರಲಿಲ್ಲ. ಮರೆಯಾಗುತ್ತಿದ್ದ ಅಕ್ಷರವೊಂದರ ನೆನಪನ್ನು ಉಳಿಸುವ ಕೆಲಸವಾಗಿತ್ತು.

ಈ ಗ್ರಂಥವನ್ನು ರೆವರೆಂಡ್ ಕಿಟೆಲ್ ಅವರು ಸಂಪಾದಿಸಿ 1872ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮೂಲಕ ಪ್ರಕಟಿಸಿದರು. 1894ರಲ್ಲಿ ಅಲ್ಲಿಂದಲೇ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕನ್ನಡ ಬಿಟ್ಟುಕೊಟ್ಟ ಆ ಧ್ವನಿಯನ್ನು ಕೇಳಲು ನಾವು ದೂರ ಹೋಗಬೇಕಿಲ್ಲ. ನೆರೆಯ ಕಾಸರಗೋಡಿನ ಕಡೆ ಮಲಯಾಳ ಮಾತಾಡುವವರು ಮಳೆಗೆ 'ಮೞ' ಎನ್ನುವುದನ್ನು, ಕೋಳಿಗೆ 'ಕೋೞಿ' ಎನ್ನುವುದನ್ನು ಕಿವಿಗೊಟ್ಟು ಕೇಳಿರಿ.

ಇಂಗ್ಲಿಷಿನಲ್ಲಿ ಈ ವಿದ್ಯೆ ಆಟದ ರೂಪದಲ್ಲಿ ಜನಪ್ರಿಯವಾಯಿತು. 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬವರು ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಒಂದು ಆಟವನ್ನು ರೂಪಿಸಿದರು. 1948ರಲ್ಲಿ ಅದಕ್ಕೆ 'ಸ್ಕ್ರ್ಯಾಬಲ್' ಎಂಬ ಹೆಸರು ಬಂತು. ಅದರ 100 ಬಿಲ್ಲೆಗಳಲ್ಲಿ 'ಇ' ಅಕ್ಷರದವು 12, 'ಕ್ಯೂ' ಒಂದೇ ಒಂದು. ಸುಲಭವಾಗಿ ಸಿಗುವ 'ಇ'ಗೆ 1 ಅಂಕ, ಅಪರೂಪದ 'ಕ್ಯೂ'ಗೆ 10 ಅಂಕ.

ಈಗ ಮತ್ತೆ ನಮ್ಮ ತರಗತಿಗೆ ಬರೋಣ. ಖಲೀಲರ ಕ್ರಮದಂತೆ ಒಂದೊಂದು ಅಕ್ಷರವನ್ನು ಮೊದಲಿಗಿಟ್ಟು, ಉಳಿದ ಮೂರನ್ನು 6 ರೀತಿಯಲ್ಲಿ ಬದಲಿಸಿ ಬರೆಯಿರಿ ಎಂದೆ. ಮಕ್ಕಳು 24 ಸಾಲು ಬರೆದರು. ಆ ಸಾಲುಗಳಲ್ಲಿ 'ಮೇಟ್' ತಾನಾಗಿಯೇ ಕಣ್ಣಿಗೆ ಬಿತ್ತು. 'ಟೇಮ್' ಎಂಬುದನ್ನು ನಿಘಂಟಿನಲ್ಲಿ ನೋಡಿ, ಪಳಗಿಸು ಎಂಬ ಅರ್ಥವನ್ನು ಕಲಿತರು. ಇಂದು ಕಂಪ್ಯೂಟರ್ ಕ್ಷಣಾರ್ಧದಲ್ಲಿ ಇಂಥ ಪಟ್ಟಿ ಕೊಡುತ್ತದೆ, ನಿಜ. ಆದರೆ ಪಟ್ಟಿ ಸಿಕ್ಕಿದ ಮಾತ್ರಕ್ಕೆ ಪದ ನಮ್ಮದಾಗುವುದಿಲ್ಲ. ಅದನ್ನು ನಮ್ಮ ಬಳಕೆಗೆ ತಂದುಕೊಳ್ಳಬೇಕು.

ಕೊನೆಯದಾಗಿ ಒಂದು ಉದಾಹರಣೆ. ಐನ್, ಲಾಮ್, ಮೀಮ್ – ಈ ಮೂರು ಅಕ್ಷರಗಳು ಸೇರಿದರೆ 'ಇಲ್ಮ್', ಅಂದರೆ ಜ್ಞಾನ. ಕೊನೆಯ ಎರಡನ್ನು ಅದಲುಬದಲು ಮಾಡಿದರೆ 'ಅಮಲ್', ಅಂದರೆ ಕಾರ್ಯ. ಅಕ್ಷರಗಳು ಅವೇ, ಕ್ರಮ ಮಾತ್ರ ಬೇರೆ. ವಿದ್ಯಾರ್ಥಿಗಳೇ, "ನಮಗೆ ಬರುವುದಿಲ್ಲ" ಎನ್ನುವ ಮೊದಲು ಒಂದು ಹಾಳೆ ತೆಗೆದುಕೊಂಡು 24 ಸಾಲು ಬರೆದು ನೋಡಿರಿ.