ಅಲ್ಪಕಾಲದ ಅನಿದ್ರೆಯಲ್ಲಿ ಜೋಲ್ಪಿಡೆಮ್: ಪ್ರಮಾಣ, ಅವಧಿ ಹಾಗೂ ನಿಲುಗಡೆಯ ವಿಚಾರ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ದೇಹಕ್ಕೆ ಆಸರೆಯಾಗಿ ನಿಲ್ಲುವ ಉಪಸ್ತಂಭಗಳೆಂದು ಚರಕಸಂಹಿತೆಯು ಎಣಿಸಿದೆ. ಇವುಗಳಲ್ಲಿ ನಿದ್ರೆಯೊಂದೇ ಮನುಷ್ಯನು ಬೇಕೆಂದು ಯತ್ನಿಸಿದಷ್ಟೂ ದೂರ ಸರಿಯತಕ್ಕದ್ದು. ಮನೆಯಲ್ಲಿ ಸಾವು ಸಂಭವಿಸಿದಾಗ, ಶಸ್ತ್ರಚಿಕಿತ್ಸೆಯ ದಿನ ಸಮೀಪಿಸಿದಾಗ, ನೆಚ್ಚಿಕೊಂಡಿದ್ದ ಉದ್ಯೋಗ ಕೈತಪ್ಪಿದಾಗ, ದೃಢಕಾಯನಾದವನಿಗೂ ಕೆಲವು ರಾತ್ರಿಗಳು ಕಣ್ಣು ಮುಚ್ಚದೆಯೇ ಕಳೆಯುವುದುಂಟು. ಮೂರು ತಿಂಗಳಿಗಿಂತ ಕಡಮೆ ಕಾಲದ ಇಂತಹ ತೊಂದರೆಯನ್ನು ಇಂದಿನ ವೈದ್ಯಶಾಸ್ತ್ರವು ಅಲ್ಪಕಾಲದ ಅನಿದ್ರೆಯೆಂದು ಗಣಿಸುತ್ತದೆ. ಬಹುಮಟ್ಟಿಗೆ ಅದು ಕಾರಣದೊಡನೆಯೇ ಶಮನವಾಗುವುದಾದರೂ, ಯಾತನೆ ದುಸ್ಸಹವಾಗಿ ಹಗಲಿನ ಕಾರ್ಯಗಳು ಕೆಟ್ಟಾಗ ವೈದ್ಯನು ಕೆಲವು ದಿನಗಳ ಮಟ್ಟಿಗೆ ನಿದ್ರಾಜನಕವನ್ನು ಬರೆದುಕೊಡುವುದು ಅಯುಕ್ತವೇನಲ್ಲ. ಹಾಗೆ ಬರೆದುಕೊಟ್ಟ ಮಾತ್ರೆಯ ಕ್ಷೇಮವು ಅದರ ರಾಸಾಯನಿಕ ಗುಣಕ್ಕಿಂತಲೂ ಹೆಚ್ಚಾಗಿ, ಅದನ್ನು ನಿಲ್ಲಿಸುವ ದಿನವನ್ನು ಆರಂಭಿಸುವ ದಿನವೇ ನಿಶ್ಚಯಿಸಿಕೊಳ್ಳುವುದನ್ನು ಅವಲಂಬಿಸಿದೆಯೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಈ ಮಾತಿಗೆ ನಿದ್ರಾಜನಕಗಳ ಚರಿತ್ರೆಯೇ ಆಧಾರ. 1869ರಲ್ಲಿ ಬಳಕೆಗೆ ಬಂದ ಕ್ಲೋರಲ್ ಹೈಡ್ರೇಟ್, 1903ರಲ್ಲಿ ಪ್ರಕಟವಾದ ಬಾರ್ಬಿಟಾಲ್, 1960ರಿಂದೀಚೆಗೆ ಪ್ರಚಾರಕ್ಕೆ ಬಂದ ಬೆಂಜೊಡಯಜೆಪೀನ್‌ಗಳು, ಒಂದೊಂದೂ ತನ್ನ ಹಿಂದಿನದಕ್ಕಿಂತ ನಿರಪಾಯವೆಂಬ ವಿಶ್ವಾಸದೊಡನೆಯೇ ಸ್ವೀಕೃತವಾದುವು. ಬಾರ್ಬಿಟಾಲ್ ಸೇರಿದ ಬಾರ್ಬಿಟ್ಯುರೇಟು ವರ್ಗದ ಔಷಧಗಳಲ್ಲಿ ನಿದ್ರೆಯ ಪ್ರಮಾಣಕ್ಕೂ ಮರಣದ ಪ್ರಮಾಣಕ್ಕೂ ಇದ್ದ ಅಂತರ ಅತ್ಯಲ್ಪವಾದುದರಿಂದ, ಬೆಂಜೊಡಯಜೆಪೀನ್‌ಗಳ ಆಗಮನವು ನಿಜವಾಗಿಯೂ ದೊಡ್ಡ ಉಪಕಾರವೇ ಆಯಿತು. ಆದರೆ ಕಾಲು ಶತಮಾನ ಕಳೆಯುವುದರೊಳಗೆ ಅವುಗಳ ಮೇಲಣ ಅವಲಂಬನೆಯೂ ಸ್ಪಷ್ಟವಾಗಿ ಗೋಚರಿಸಿತು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಇವುಗಳನ್ನು ತೀವ್ರ ಸಂಕಟದಲ್ಲಿ ಮಾತ್ರ, ಅದೂ ಎರಡರಿಂದ ನಾಲ್ಕು ವಾರಗಳವರೆಗೆ ಮಾತ್ರ, ಕೊಡತಕ್ಕದ್ದೆಂದು ವೈದ್ಯರಿಗೆ ಸೂಚಿಸಿತು.

ಫ್ರಾನ್ಸಿನಲ್ಲಿ ರೂಪುಗೊಂಡು 1992ರ ಕೊನೆಯಲ್ಲಿ ಅಮೆರಿಕದ ಅನುಮತಿಯನ್ನು ಪಡೆದ ಜೋಲ್ಪಿಡೆಮ್ ರಚನೆಯಲ್ಲಿ ಬೆಂಜೊಡಯಜೆಪೀನ್ ಅಲ್ಲ. ಆದರೆ ಅದು ಕೆಲಸಮಾಡುವ ಸ್ಥಾನ ಅದೇ. ಮಿದುಳಿನಲ್ಲಿ ನರಕೋಶಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ದ್ರವ್ಯಕ್ಕೆ ಐದು ಉಪಘಟಕಗಳಿಂದ ಕೂಡಿದ ಒಂದು ಬಗೆಯ ಗ್ರಾಹಿಯಿದ್ದು, ಅದರ ನಡುವಣ ದ್ವಾರವು ತೆರೆದಾಗ ಕ್ಲೋರೈಡ್ ಅಯಾನುಗಳು ಒಳಹೊಕ್ಕು ಕೋಶವನ್ನು ಶಾಂತಗೊಳಿಸುತ್ತವೆ. ಈ ಗ್ರಾಹಿಗಳಲ್ಲಿ ಆಲ್ಫಾ-1 ಎಂಬ ಉಪಘಟಕವುಳ್ಳವನ್ನೇ ಜೋಲ್ಪಿಡೆಮ್ ವಿಶೇಷವಾಗಿ ಆಶ್ರಯಿಸುವುದರಿಂದ, ಆತಂಕಶಮನಕ್ಕಿಂತ ನಿದ್ರೆಯನ್ನು ತರುವ ಗುಣವೇ ಅದರಲ್ಲಿ ಪ್ರಧಾನ. ನುಂಗಿದ ಸುಮಾರು ಒಂದೂವರೆ ಗಂಟೆಯಲ್ಲಿ ಅದು ರಕ್ತದಲ್ಲಿ ಪರಮಾವಧಿಯನ್ನು ಮುಟ್ಟಿ, ಬಳಿಕ ಸುಮಾರು ಎರಡೂವರೆ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹೊಟ್ಟೆ ತುಂಬ ಉಂಡೊಡನೆ ನುಂಗಿದರೆ ಈ ಕ್ರಮವೇ ನಿಧಾನವಾಗುವುದು. ರಾತ್ರಿ ಹತ್ತಕ್ಕೆ ಊಟ ಮುಗಿಸಿ ಎಲೆಯಿಂದೆದ್ದವನು ಒಡನೆಯೇ ಮಾತ್ರೆ ನುಂಗಿ, ಹತ್ತೂವರೆಯಾದರೂ ನಿದ್ರೆ ಬರಲಿಲ್ಲವೆಂದು ಮತ್ತೊಂದನ್ನು ನುಂಗಿದನಾದರೆ, ಎರಡರ ಪ್ರಭಾವವೂ ನಡುರಾತ್ರಿಯಲ್ಲಿ ಒಟ್ಟಿಗೆ ಅವನ ಮೇಲೆರಗುವುದು. ಒಂದು ರಾತ್ರಿಗೆ ಒಂದೇ ಸಲ, ಹಾಸಿಗೆಗೆ ಹೋಗುವ ಕ್ಷಣದಲ್ಲಿ, ಏಳೆಂಟು ಗಂಟೆಗಳ ಬಿಡುವು ಮುಂದಿದ್ದಾಗ ಮಾತ್ರವೆಂಬ ನಿಯಮವು ಹುಟ್ಟಿದ್ದು ಇಲ್ಲಿಂದ.

ಹೀಗೆ ಪಡೆದ ಪ್ರಯೋಜನವಾದರೂ ಎಷ್ಟು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸಲ್ಲಿಸಲ್ಪಟ್ಟಿದ್ದ 13 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಜೋಲ್ಪಿಡೆಮ್ ಮತ್ತು ಅದರ ಬಳಗದ ಔಷಧಗಳು ಹುಸಿಮಾತ್ರೆಗಿಂತ ಸುಮಾರು 22 ನಿಮಿಷ ಮುಂಚಿತವಾಗಿ ನಿದ್ರೆಯನ್ನು ತಂದುವು. ಹುಸಿಮಾತ್ರೆಯಿಂದಲೂ ಗಣನೀಯವಾದ ಉಪಶಮನ ಕಂಡುಬಂದಿತ್ತು. ಇಪ್ಪತ್ತೆರಡು ನಿಮಿಷ ಅಲ್ಪವೆಂದು ತಳ್ಳಿಹಾಕುವುದು ಸಲ್ಲದು. ಶೋಕದಿಂದ ಬೆಂದ ಮನಸ್ಸಿಗೆ ಅದೂ ಒಂದು ಆಸರೆ. ಆದರೆ ಅರವತ್ತು ದಾಟಿದವರ ವಿಷಯದಲ್ಲಿ ಲೆಕ್ಕವೇ ಬೇರೆ. ಅದೇ ಪತ್ರಿಕೆ 2005ರಲ್ಲಿ ಪ್ರಕಟಿಸಿದ ಮತ್ತೊಂದು ವಿಶ್ಲೇಷಣೆಯಲ್ಲಿ, ಒಬ್ಬ ವೃದ್ಧನ ನಿದ್ರೆ ಉತ್ತಮಗೊಳ್ಳಬೇಕಾದರೆ 13 ಮಂದಿಗೆ ನಿದ್ರಾಜನಕ ಕೊಡಬೇಕಾಗುವುದೆಂದೂ, ಪ್ರತಿ ಆರು ಮಂದಿಯಲ್ಲಿ ಒಬ್ಬನಿಗೆ ಅದರಿಂದ ಕೆಡುಕು ತಟ್ಟುವುದೆಂದೂ ಕಂಡುಬಂದಿತು. ನಡುರಾತ್ರಿ ಬಚ್ಚಲಿಗೆಂದು ಎದ್ದ ಅಜ್ಜಿ ಹೊಸ್ತಿಲಲ್ಲಿ ತತ್ತರಿಸಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳೆಂದರೆ, ಆ ಮನೆಯವರ ಪಾಲಿಗೆ ಈ ಅಂಕಿಗಳ ಅರ್ಥವನ್ನು ಬೇರೆ ವಿವರಿಸಬೇಕಾದುದಿಲ್ಲ.

ಪ್ರಮಾಣದ ವಿಚಾರದಲ್ಲಿ 2013ರ ಜನವರಿ ಒಂದು ಮೈಲಿಗಲ್ಲು. ಇಪ್ಪತ್ತು ವರ್ಷಗಳ ಕಾಲ ಸ್ತ್ರೀಪುರುಷರಿಬ್ಬರಿಗೂ 10 ಮಿಲಿಗ್ರಾಮಿನ ಒಂದೇ ಪ್ರಮಾಣವನ್ನು ವಿಧಿಸಿದ ಮೇಲೆ, ಅಮೆರಿಕದ ನಿಯಂತ್ರಣ ಸಂಸ್ಥೆಯು ಸ್ತ್ರೀಯರಿಗೆ ಅದನ್ನು 5 ಮಿಲಿಗ್ರಾಮಿಗೆ ಇಳಿಸಿತು. ಸ್ತ್ರೀದೇಹವು ಈ ಔಷಧವನ್ನು ನಿಧಾನವಾಗಿ ಹೊರಹಾಕುವುದರಿಂದ, 10 ಮಿಲಿಗ್ರಾಮ್ ನುಂಗಿ ಎಂಟು ಗಂಟೆ ಕಳೆದ ಮೇಲೂ ಶೇಕಡ 15ರಷ್ಟು ಸ್ತ್ರೀಯರ ರಕ್ತದಲ್ಲಿ, ವಾಹನ ಚಾಲನೆಗೆ ಅಪಾಯಕರವೆನಿಸುವಷ್ಟು, ಅಂದರೆ ಮಿಲಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಅಧಿಕವಾಗಿ, ಅದು ಉಳಿದಿರುವುದು ಪತ್ತೆಯಾಗಿತ್ತು; ಪುರುಷರಲ್ಲಿ ಈ ಸಂಖ್ಯೆ ಶೇಕಡ 3. ಮುಂಜಾನೆ ಎದ್ದು ಅಡುಗೆ ಮುಗಿಸಿ, ಸ್ಕೂಟರಿನ ಹಿಂದೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಹೊರಡುವ ತಾಯಿಗೆ ತಾನು ಸಂಪೂರ್ಣ ಎಚ್ಚರವಾಗಿರುವೆನೆಂದೇ ತೋರಬಹುದು. ಆದರೆ ಎಚ್ಚರವಾಗಿರುವ ಭಾವನೆಯು ಎಚ್ಚರಕ್ಕೆ ಪ್ರಮಾಣವಲ್ಲವೆಂಬುದೇ ಈ ಪರೀಕ್ಷೆಗಳು ತಿಳಿಸಿದ ಸಂಗತಿ. ವೃದ್ಧರಿಗೂ 5 ಮಿಲಿಗ್ರಾಮೇ ಮಿತಿ. ಯಕೃತ್ತು ತೀವ್ರವಾಗಿ ಕೆಟ್ಟವರಿಗಂತೂ ಇದು ವರ್ಜ್ಯ. ಸಿರೋಸಿಸ್ ರೋಗಿಗಳಲ್ಲಿ ಔಷಧವು ಅರ್ಧಕ್ಕಿಳಿಯಲು ಹತ್ತು ಗಂಟೆಗಳ ಸಮೀಪ ಹಿಡಿಯುವುದು.

ಇತರ ದ್ರವ್ಯಗಳೊಡನೆ ಇದರ ಸಂಯೋಗವನ್ನು ಕುರಿತು ಎಷ್ಟು ಹೇಳಿದರೂ ಸಾಲದು. ಮದ್ಯದೊಡನೆ, ಅಥವಾ ಟ್ರಮಡಾಲ್‌ನಂತಹ ನೋವುನಿವಾರಕಗಳೊಡನೆ ಸೇರಿದರೆ ಉಸಿರಾಟವೇ ಕುಗ್ಗುವ ಭಯವಿದೆ. ನೆಗಡಿಗೆಂದು ಚೀಟಿಯಿಲ್ಲದೆ ಕೊಂಡುತಂದ ಸಿರಪ್ಪಿನಲ್ಲಿಯೂ ತೂಕಡಿಕೆ ತರುವ ಅಂಶವಿದ್ದು ಒಂದರ ಮೇಲೊಂದು ಕೂಡಿಕೊಳ್ಳಬಹುದು. ಗಟ್ಟಿಯಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿಬೀಳುವವರು ಮಾತ್ರೆಗೆ ಮುನ್ನ ಆ ಲಕ್ಷಣವನ್ನೇ ವೈದ್ಯರಿಗೆ ತಿಳಿಸತಕ್ಕದ್ದು. ನಮ್ಮ ನಾಡಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಮತ್ತೊಂದು ವಿಷಯವುಂಟು: ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಪ್ರಚೋದಿಸಿ ಜೋಲ್ಪಿಡೆಮ್‌ನ ಪ್ರಭಾವವನ್ನು ಕುಗ್ಗಿಸುವುದು, ಕೀಟೊಕೊನಜೋಲ್ ಮಾತ್ರೆ ಇದಕ್ಕೆ ವಿರುದ್ಧವಾಗಿ ಅದನ್ನು ಹೆಚ್ಚಿಸುವುದು. ಮೊದಲನೆಯ ಸಂದರ್ಭದಲ್ಲಿ ರೋಗಿಯು ತಾನಾಗಿಯೇ ಪ್ರಮಾಣವನ್ನು ಏರಿಸಿಕೊಂಡನೆಂದರೆ, ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಅದೇ ಪ್ರಮಾಣವು ಅವನಿಗೆ ಮಿತಿಮೀರಿದುದಾಗಿ ಪರಿಣಮಿಸುವುದು.

ಇನ್ನು, ನಿದ್ರೆಯಲ್ಲಿಯೇ ಎದ್ದು ನಡೆಯುವುದು, ಒಲೆ ಹಚ್ಚುವುದು, ವಾಹನ ಓಡಿಸುವುದು, ಬೆಳಗ್ಗೆ ಅದೊಂದೂ ನೆನಪಿಲ್ಲದಿರುವುದು ಮುಂತಾದ ವಿಕೃತ ವರ್ತನೆಗಳು. ಇಂತಹ 66 ಗಂಭೀರ ಪ್ರಕರಣಗಳನ್ನು, ಅವುಗಳಲ್ಲಿ 20 ಮರಣಗಳನ್ನು ಆಧರಿಸಿ, 2019ರಲ್ಲಿ ಅಮೆರಿಕದ ಅದೇ ಸಂಸ್ಥೆಯು ಈ ಬಳಗದ ಔಷಧಗಳಿಗೆ ತನ್ನ ಅತ್ಯುಗ್ರ ಎಚ್ಚರಿಕೆಯನ್ನು ಲಗತ್ತಿಸಿತು. ವರ್ತನೆಗಳು ವಿರಳವೇ ಹೌದು; ಆದರೆ ಮೊದಲ ಮಾತ್ರೆಯಲ್ಲಿಯೇ, ಅತ್ಯಲ್ಪ ಪ್ರಮಾಣದಲ್ಲಿಯೇ ಅವು ಕಾಣಿಸಿಕೊಂಡಿರುವುದರಿಂದ, ಒಮ್ಮೆ ಹಾಗಾದವನಿಗೆ ಆ ಔಷಧವನ್ನು ಮತ್ತೆ ಕೊಡಬಾರದು.

ಭಾರತದಲ್ಲಿ ಜೋಲ್ಪಿಡೆಮ್ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯಲ್ಲಿ ಸೇರಿದೆ. ಸ್ಟ್ರಿಪ್ಪನ್ನು ತಿರುಗಿಸಿ ನೋಡಿದರೆ ಕೆಂಪು ಅಕ್ಷರದ ಎನ್‌ಆರ್‌ಎಕ್ಸ್ ಗುರುತೂ, ಕೆಂಪು ಚೌಕಟ್ಟಿನೊಳಗೆ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಎಚ್ಚರಿಕೆಯೂ ಕಾಣುವುವು. ಔಷಧದಂಗಡಿಯವನು ಬೇರೊಂದು ರಿಜಿಸ್ಟರಿನಲ್ಲಿ ವೈದ್ಯನ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಸಂಖ್ಯೆ ಇವನ್ನು ಬರೆದು ಮೂರು ವರ್ಷ ಕಾಯ್ದಿಡಬೇಕು. ಕಟ್ಟಳೆ ಸಮರ್ಪಕವಾದುದೇ, ಆದರೆ ಹಳೆಯ ಚೀಟಿಯನ್ನೇ ಮಡಿಸಿ ಮಡಿಸಿ ಸವೆಯುವವರೆಗೆ ತೋರಿಸಿ ಕೊಳ್ಳುವ ಪರಿಚಿತ ಗಿರಾಕಿಯನ್ನು ಅದು ತಡೆಯಬೇಕಾದರೆ, ಚೀಟಿಯಲ್ಲಿ ದಿನಗಳ ಸಂಖ್ಯೆ ಸ್ಪಷ್ಟವಾಗಿ ಬರೆದಿರಬೇಕು. ಏಳು ದಿನ, ಏಳು ಮಾತ್ರೆ, ಮರುಭೇಟಿಯ ತಾರೀಖು: ಇಷ್ಟು ಬರೆಯಲು ವೈದ್ಯನಿಗೆ ಅರ್ಧ ನಿಮಿಷ ಸಾಕು. ಏಳರಿಂದ ಹತ್ತು ದಿನಗಳಲ್ಲಿ ಗುಣ ಕಾಣದಿದ್ದರೆ ಮಾತ್ರೆಯನ್ನು ಮುಂದುವರಿಸುವುದಕ್ಕಿಂತ ಮೂಲವನ್ನು ಅರಸುವುದು ಯುಕ್ತ. ಖಿನ್ನತೆ, ಥೈರಾಯಿಡ್ ದೋಷ, ರಾತ್ರಿಯ ಕೆಮ್ಮು, ಸಂಜೆಯ ಕಾಫಿ, ಇವುಗಳಲ್ಲಿ ಯಾವುದಾದರೂ ಅಲ್ಲಿ ಅಡಗಿರಬಹುದು.

ನಿಲ್ಲಿಸಿದ ಮೊದಲ ಒಂದೆರಡು ರಾತ್ರಿ ಅನಿದ್ರೆ ಮೊದಲಿಗಿಂತಲೂ ಪ್ರಬಲವಾಗಿ ಮರುಕಳಿಸುವುದುಂಟು. ಇದನ್ನು ಮುಂಚಿತವಾಗಿ ತಿಳಿಸದಿದ್ದರೆ, ತನ್ನ ರೋಗವೇ ಹಿಂದಿರುಗಿತೆಂದು ಭ್ರಮಿಸಿದ ರೋಗಿಯು ಮತ್ತೆ ಮಾತ್ರೆಗೆ ಕೈಚಾಚುವನು. ಅಲ್ಪಕಾಲದ ಚಿಕಿತ್ಸೆ ದೀರ್ಘಕಾಲದ ಅಭ್ಯಾಸವಾಗುವ ದಾರಿ ಬಹುಮಟ್ಟಿಗೆ ಇದೇ. ಆ ರಾತ್ರಿಗಳಿಗೆ ಬೇರೊಂದು ಉಪಾಯ ಕೈಯಲ್ಲಿರಬೇಕು. ನಿದ್ರೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಕಣ್ಣೆಳೆದಾಗ ಮಾತ್ರ ಮರಳುವುದು, ಎಷ್ಟೇ ಕಡಮೆ ನಿದ್ರಿಸಿದ್ದರೂ ಬೆಳಗ್ಗೆ ನಿಯತ ವೇಳೆಗೆ ಏಳುವುದು ಎಂಬ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ನಿರೂಪಿಸಿದನು. ಇದನ್ನೊಳಗೊಂಡ ಮನೋಚಿಕಿತ್ಸೆಯನ್ನೇ ದೀರ್ಘಕಾಲದ ಅನಿದ್ರೆಗೆ ಮೊದಲು ಕೈಗೊಳ್ಳತಕ್ಕ ಚಿಕಿತ್ಸೆಯನ್ನಾಗಿ ಅಮೆರಿಕದ ವೈದ್ಯರ ಮಹಾಸಂಘವು 2016ರಲ್ಲಿ ಅಂಗೀಕರಿಸಿದೆ.

ಈಗಾಗಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೇವಿಸುತ್ತಿರುವವರು ಮಾತ್ರ ಈ ಲೇಖನವನ್ನೋದಿ ಇಂದೇ ಮಾತ್ರೆಯನ್ನು ಎಸೆದುಬಿಡಬಾರದು. ಅಧಿಕ ಪ್ರಮಾಣಕ್ಕೆ ಒಗ್ಗಿದ ಮಿದುಳಿನಲ್ಲಿ ಹಠಾತ್ ನಿಲುಗಡೆಯಿಂದ ಅಪಸ್ಮಾರದಂತಹ ಸೆಳವೂ ಉಂಟಾಗಬಹುದು. ಬ್ರಿಟನ್ನಿನ ನ್ಯೂಕ್ಯಾಸಲ್ ನಗರದಲ್ಲಿ 1982ರಿಂದ 1994ರವರೆಗೆ ಬೆಂಜೊಡಯಜೆಪೀನ್ ಬಿಡಿಸುವ ಚಿಕಿತ್ಸಾಲಯವನ್ನು ನಡೆಸಿದ ಹೆದರ್ ಆಷ್ಟನ್ ಅವರು, ಪ್ರಮಾಣವನ್ನು ವಾರಗಳ, ತಿಂಗಳುಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ, ರೋಗಿಯ ತಾಳಿಕೆಯನ್ನನುಸರಿಸಿ ಇಳಿಸುವ ಕ್ರಮವನ್ನೇ ಅನುಸರಿಸಿದರು. ಜೋಲ್ಪಿಡೆಮ್ ಬಿಡಬೇಕೆಂದಿರುವ ಹಿರಿಯರೂ ತಮ್ಮ ವೈದ್ಯರೊಡನೆ ಕುಳಿತು ಇಂತಹದೇ ಒಂದು ಇಳಿಕೆಯ ಪಟ್ಟಿಯನ್ನು ಬರೆಸಿಕೊಳ್ಳುವುದು ವಿಹಿತ.